ಮೊದಲ ಕೈ

ಕಮ್ಮನಹಳ್ಳಿಯ ಕೊನೇ ಟ್ರಿಪ್ಪಿನಲ್ಲಿ
ಹಿಂದಿನ ಸೀಟಿನಡಿ ಸಿಕ್ಕಿತೊಂದು ಡಬ್ಬಿ.
ಟಿಫನ್ ಅಂದುಕೊಂಡು ಅಲ್ಲಾಡಿಸಿದೆ.
ಅನ್ನದ ಸದ್ದಲ್ಲ, ಎಲೆಗಳ ಸದ್ದು.

ಆ ಸದ್ದು ನನಗೆ ಗೊತ್ತು.
ಗೂಡ್ಸ್‌ಶೆಡ್ ರಸ್ತೆಯ ಲಾರಿ ಆಫೀಸಿನ ಹಿಂದೆ
ಅಪ್ಪನನ್ನು ಊಟಕ್ಕೆ ಕರೆಯಲು ಹೋದಾಗೆಲ್ಲ
ಬಾಗಿಲಾಚೆಗೇ ಕೇಳುತ್ತಿತ್ತು, ಪಟಪಟ.
ಅಮ್ಮನ ಎರಡು ಬಳೆ, ಒಂದು ಹಿತ್ತಾಳೆ ಹಂಡೆ,
ನನ್ನ ಪಿಯುಸಿ ಫೀಸು
ಆ ಸದ್ದಿನೊಳಗೇ ಹೋದವು.
ಆಮೇಲೆ ನಮ್ಮ ಮನೆಯಲ್ಲಿ ಎಲೆ ಅಂದರೆ
ಬಾಳೆಯದು, ವೀಳ್ಯದ್ದು. ಅಷ್ಟೇ.

ಇದರಲ್ಲಿ ರಾಜ ಇಲ್ಲ, ರಾಣಿ ಇಲ್ಲ, ಆಟೀನು ಇಲ್ಲ.
ನೀಲಿ ಜಡೆಯ ಹುಡುಗಿ, ತನಗಿಂತ ಉದ್ದದ ಕತ್ತಿ,
ಮುಖದಲ್ಲಿ ಅರ್ಧ ಬರೀ ಕಣ್ಣು.
ಏಳು ಬಾಲದ ನರಿ. ಕೊಡೆ ಹಿಡಿದ ಕಪ್ಪೆ.
ಮೂಲೆಯಲ್ಲೊಂದು ಅಂಕಿ,
ಕೆಳಗೆ ಇರುವೆಸಾಲಿನಂಥ ಇಂಗ್ಲಿಷು.
ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಅಂಗಿ,
ಯಾರೋ ಕೂತು ತೊಡಿಸಿದ್ದು.

ಡಿಪೋದ ರಿಜಿಸ್ಟರಿನಲ್ಲಿ
'ಇಸ್ಪೀಟು' ಎಂದು ಬರೆಯಲು ಕೈ ಬರಲಿಲ್ಲ.
'ಚಿತ್ರಗಳು, ಒಂದು ಡಬ್ಬಿ' ಅಂತ ಬರೆದೆ.
ಮುಚ್ಚಳದ ಮೇಲೆ ಅಂಗಡಿಯ ಹೆಸರಿತ್ತು.
ಭಾನುವಾರ ನನ್ನ ವಾರದ ರಜೆ.

ಜೆರಾಕ್ಸ್ ಅಂಗಡಿಯ ಮೇಲೆ, ಕಬ್ಬಿಣದ ಮೆಟ್ಟಿಲು.
ಒಳಗೆ ಇಪ್ಪತ್ತು ಮಂದಿ. ಯಾರ ಬಾಯಲ್ಲೂ ಬೀಡಿ ಇಲ್ಲ.
ಮೇಜಿನ ಮೇಲೆ ದುಡ್ಡೂ ಇಲ್ಲ. ಎರಡು ಸಲ ನೋಡಿದೆ.
ದುಡ್ಡು ಗಾಜಿನ ಕಪಾಟಿನಲ್ಲಿತ್ತು:
ಮಿನುಗುವ ಒಂದೇ ಒಂದು ಎಲೆಗೆ ಒಂಬತ್ತು ಸಾವಿರ.
ಓಹೋ, ಜೂಜು ಸತ್ತಿಲ್ಲ,
ಅದೂ ಅಂಗಿ ತೊಟ್ಟಿದೆ.

"ನಂದೇ!" ಎಂದು ಓಡಿ ಬಂದಳು ಮುಬೀನಾ,
ಒಂಬತ್ತನೇ ಕ್ಲಾಸು, ಹಲ್ಲಿಗೆ ತಂತಿ.
ಎಣಿಸಿ ನೋಡಲಿಲ್ಲ. ಅದು ನನಗೆ ಹಿಡಿಸಿತು.
"ಆಡ್ತೀರಾ ಆಂಟಿ? ಕಲಿಯೋರಿಗೆ ಅಂತ್ಲೇ ಒಂದು ಡೆಕ್ ಇದೆ."
ಬಸ್ಸಿಗೆ ಹೊತ್ತಾಯಿತು ಅನ್ನಬಹುದಿತ್ತು.
ಬಸ್ಸು ನನ್ನದೇ, ರಜೆಯೂ ನನ್ನದೇ.
ಕೂತೆ.

ಮೊದಲು ಐದು ಎಲೆ ಬೋರಲು. ಅವು ಜೀವ.
ನೋಡಬಾರದು.
"ನಮ್ಮ ಜೀವ ನಾವೇ ನೋಡಬಾರದಾ?"
"ಅದೇ ರೂಲ್ಸು ಆಂಟಿ."
ಆಮೇಲೆ ಐದು ಕೈಗೆ. ಕೈ ಚೆನ್ನಾಗಿಲ್ಲದಿದ್ದರೆ
ಒಂದೇ ಒಂದು ಸಲ, ಅಷ್ಟೂ ವಾಪಸ್ಸು ಕೊಟ್ಟು
ಹೊಸದು ತೆಗೆದುಕೊಳ್ಳಬಹುದು.

ಕಾರಣ ಹೇಳಬೇಕಾ?
ಬೇಡ.
ಯಾರನ್ನಾದರೂ ಕೇಳಬೇಕಾ?
ಬೇಡ.
ನಾನು ಸುಮ್ಮನೆ ಕೂತೆ ಸ್ವಲ್ಪ ಹೊತ್ತು.
ಅವಳು ನನ್ನ ಎಲೆಗಳನ್ನು ಇಣುಕಿ,
"ಇದು ಡಬ್ಬಾ ಕೈ, ಕೊಟ್ಟುಬಿಡಿ" ಅಂದಳು.

ಕೊಟ್ಟುಬಿಟ್ಟೆ.

ಶಕ್ತಿಯ ಲೆಕ್ಕ ನನಗೆ ಬೇಗ ಬಂತು.
ಸರದಿಗೊಂದು ಸೇರುತ್ತದೆ.
ಕತ್ತಿಯವಳಿಗೆ ನಾಲ್ಕು, ನರಿಗೆ ಎರಡು,
ಇಪ್ಪತ್ತೊಂದು ವರ್ಷದ ಚಿಲ್ಲರೆ ವಿದ್ಯೆ.
ಕೊಡೆಗಪ್ಪೆಗೆ ಸೊನ್ನೆ.
"ಹೆಂಗಸರ ಟಿಕೆಟ್ಟು" ಅಂದೆ. ತಂತಿ ಪೂರ್ತಿ ಕಾಣುವಂತೆ ನಕ್ಕಳು.
ಆದರೆ ಅಭ್ಯಾಸಬಲದಿಂದ ಎಲೆಗಳನ್ನು
ನೋಟಿನ ಹಾಗೆ ಉದ್ದಕ್ಕೆ ಮಡಚಿ
ಬೆರಳ ಸಂದಿಗೆ ಸಿಕ್ಕಿಸಹೊರಟಾಗ
ಇಡೀ ಅಂಗಡಿ "ಅಯ್ಯೋ!" ಎಂದಿತು.

ಅವಳ ನರಿ ನನ್ನ ಮೊದಲ ಜೀವ ಹೊಡೆಯಿತು.
"ಹೊಡೆಸಿಕೊಂಡಿದ್ದನ್ನು ಕೈಗೆ ತಗೊಳ್ಳಿ ಆಂಟಿ,
ಇನ್ಮೇಲೆ ಅದು ನಿಮ್ಮ ಎಲೆ."
ತಿರುಗಿಸಿದೆ: ಒಬ್ಬ ಮುದುಕಿ,
ಬಸ್ಸಿನ ಕಂಬಿ ಹಿಡಿದಂತೆ ಬಿದಿರು ಹಿಡಿದು ನಿಂತವಳು.
"ಅಮ್ಮಾ! ಇವಳು ಭಾರೀ ಸ್ಟ್ರಾಂಗು. ಏಳು ಶಕ್ತಿ ಬೇಕು."
ನನ್ನ ಹತ್ತಿರ ಮೂರಿತ್ತು.
ಏಳಾಗುವ ಮೊದಲೇ ಸೋತೆ.

ಆರುನೂರೈವತ್ತು ಎಂದ ಅಂಗಡಿಯ ಡೆರಿಕ್,
ಏಳುನೂರು ಕೊಟ್ಟರೆ,
"ಚಿಲ್ಲರೆ ಇದ್ಯಾ ಮೇಡಂ?"
ಎಷ್ಟು ಸಾವಿರ ಸಲ ನಾನು ಕೇಳಿದ ಮಾತು!
"ಇಳಿಯುವಾಗ ತಗೋತೀನಿ" ಅಂದೆ.
ಯಾರಿಗೂ ಅರ್ಥವಾಗಲಿಲ್ಲ.

ರಾತ್ರಿ ಪಾತ್ರೆ ತೊಳೆದಿಟ್ಟು
ಚಾಪೆಯ ಮೇಲೆ ಕಲಸುತ್ತಿದ್ದೆ, ಮೆಲ್ಲಗೆ.
ಎಷ್ಟು ಮೆಲ್ಲಗೆ ಅಂದರೂ ಆ ಸದ್ದು ಆ ಸದ್ದೇ.
ನಡುಮನೆಯಲ್ಲಿ ಅಮ್ಮ ಟೀವಿ ನಿಲ್ಲಿಸಿದಳು.
ಬಂದಳು. ಬಾಗಿಲಲ್ಲೇ ನಿಂತಳು,
ಬರಿಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು.
ನಾನೂ ಏನೂ ಹೇಳಲಿಲ್ಲ.

ಬಗ್ಗಿ ಒಂದನ್ನು ಎತ್ತಿಕೊಂಡಳು,
ಬೆಳಕಿಗೆ ಹಿಡಿದಳು, ದೂರ, ಇನ್ನೂ ದೂರ, ಕನ್ನಡಕವಿಲ್ಲದೆ.
ಬಹಳ ಹೊತ್ತಿನ ಮೇಲೆ,
"ಇವಳ ಜಡೆ ಯಾಕೇ ನೀಲಿ?"